ಮಳೆ ಡೈರಿಯಿಂದ ಮೊದಲ ಪ್ರೋಗ್ರಾಂ

ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆ ಡೈರಿ ಇರುತ್ತದೆ. ಬೆಳಿಗ್ಗೆ ಮಳೆಮಾಪಕ ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಅಂತ ಬರೆದಿಡುತ್ತಾರೆ. ಪ್ರೋಗ್ರಾಮಿಂಗ್ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದವರಿಗೆ ನಾನು ಮೊದಲು ಆ ಡೈರಿ ತೆಗೀರಿ ಅನ್ನುತ್ತೇನೆ.

ಕಂಪ್ಯೂಟರಿಗೆ ಪೈಥಾನ್ ಹಾಕಿಕೊಳ್ಳಿ. 1991ರಲ್ಲಿ ಬಂದ ಭಾಷೆ, ದುಡ್ಡು ಕೊಡಬೇಕಿಲ್ಲ. ಒಮ್ಮೆ ಇನ್‌ಸ್ಟಾಲ್ ಆದರೆ ನೆಟ್ ಬೇಡ, ಜುಲೈ ಮಳೆಗೆ ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ. ಅದರ ಜೊತೆಗೇ ಬರುವ, ಪ್ರೋಗ್ರಾಂ ಬರೆದು ಓಡಿಸುವ ಐಡಲ್ (IDLE) ತೆರೆದು, ಹೊಸ ಫೈಲಿನಲ್ಲಿ ವಾರದ ಮಳೆಯನ್ನು ಸೆಂಟ್ ಲೆಕ್ಕದಲ್ಲಿ ಬರೆಯಿರಿ:

ಮಳೆ = [120, 0, 45, 10, 20, 0, 65]
ಮೊತ್ತ = 0

ಹೌದು, ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಪೈಥಾನ್ 3 ಒಪ್ಪುತ್ತದೆ. ಚೌಕ ಬ್ರಾಕೆಟ್ ಒಳಗಿರುವುದು ಲಿಸ್ಟ್. ‘ಮೊತ್ತ’ ಅನ್ನುವುದು ವೇರಿಯಬಲ್, ಅಂದರೆ ಬೆಲೆ ಬದಲಾಗಬಹುದಾದ ಹೆಸರು. ಈಗ ಕೂಡುವ ಕೆಲಸ:

ಫಾರ್ ದಿನ ಇನ್ ಮಳೆ:
    ಮೊತ್ತ = ಮೊತ್ತ + ದಿನ
ಪ್ರಿಂಟ್(ಮೊತ್ತ)

ಫಾರ್, ಇನ್, ಪ್ರಿಂಟ್ ಈ ಮೂರನ್ನು ಮಾತ್ರ ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಿ. ಮೊದಲ ಸಾಲು, ಲಿಸ್ಟಿನ ಒಂದೊಂದೇ ಸಂಖ್ಯೆಯನ್ನು ‘ದಿನ’ ಅಂತ ಕರೆದು ಕೆಳಗಿನ ಸಾಲನ್ನು ಮತ್ತೆ ಮತ್ತೆ ಮಾಡು ಅನ್ನುತ್ತದೆ. ಎರಡನೇ ಸಾಲಿನ ಮುಂದೆ ಸ್ಪೇಸ್ ಇರಲೇಬೇಕು, ಸಾಮಾನ್ಯವಾಗಿ ನಾಲ್ಕು ಬಿಡುತ್ತಾರೆ; ಏನೂ ಬಿಡದಿದ್ದರೆ ಎರರ್ ಬರುತ್ತದೆ.

ಆ ಎರಡನೇ ಸಾಲಿನ ಹತ್ತಿರವೇ ಜಾಸ್ತಿ ಜನ ತಡವರಿಸುತ್ತಾರೆ. ಮೊತ್ತ ಅನ್ನುವುದು ಮೊತ್ತಕ್ಕಿಂತ ಹೆಚ್ಚಿರಲು ಹೇಗೆ ಸಾಧ್ಯ, ಅಲ್ವಾ? ಇಲ್ಲಿ = ಅಂದರೆ ಸಮ ಅಂತ ಅಲ್ಲ. ಮೊದಲು ಬಲಗಡೆಯ ಲೆಕ್ಕ ಮಾಡು, ಬಂದದ್ದನ್ನು ಎಡಗಡೆಯ ಹೆಸರಿಗೆ ಕೊಡು ಅಂತ. ನಂಬಿಕೆ ಬರದಿದ್ದರೆ ಪೆನ್ಸಿಲ್ ಹಿಡಿದು ಒಂದೊಂದೇ ಸುತ್ತು ಬರೆದು ನೋಡಿ: 120, 120, 165, 175, 195, 195, 260. ಕೈಯಲ್ಲಿ ಕೂಡುವಾಗ ನೀವು ಮಾಡುವುದೂ ಇದನ್ನೇ. ಇದೇ ಲೂಪ್.

ಎಫ್5 ಒತ್ತಿ. 260 ಬರುತ್ತದೆ, ಅಂದರೆ 2 ಇಂಚು 60 ಸೆಂಟ್. ಮಿಲಿಮೀಟರ್ ಬೇಕಿದ್ದರೆ 0.254ರಿಂದ ಗುಣಿಸಿ, 66.04.

ಸುಮ್ನೆ 1.20, 0.45 ಅಂತ ಇಂಚಲ್ಲೇ ಬರೆಯಬಹುದಿತ್ತಲ್ಲ ಅನ್ನಿಸಬಹುದು. ಒಂದ್ಸಲ 0.1 + 0.2 ಕೂಡಿಸಿ ನೋಡಿ. 0.30000000000000004 ಅಂತ ಬರುತ್ತದೆ! ಕಂಪ್ಯೂಟರ್ ಸಂಖ್ಯೆಗಳನ್ನು ಸೊನ್ನೆ-ಒಂದರಲ್ಲಿ ಇಟ್ಟುಕೊಳ್ಳುತ್ತದೆ, 0.1 ಅದರಲ್ಲಿ ಸರಿಯಾಗಿ ಕೂರುವುದಿಲ್ಲ. ಪೂರ್ತಿ ಸಂಖ್ಯೆಗೆ ಈ ತೊಂದರೆ ಇಲ್ಲ. ಅದಕ್ಕೇ ನಮ್ಮ ಹಿರಿಯರ ಸೆಂಟ್ ಲೆಕ್ಕ ಇಲ್ಲಿ ತುಂಬಾ ಅನುಕೂಲ.

ಇಷ್ಟಾದ ಮೇಲೆ ಇಫ್ ಕಲಿಯಿರಿ. ದಿನದ ಮಳೆ 100 ಸೆಂಟ್ ಅಥವಾ ಜಾಸ್ತಿ ಇದ್ದರೆ ‘ಹೂ ಮಳೆ ಸಾಕು’ (ಕಾಫಿ ಹೂ ಅರಳಲು ಬೇಕಾದ ಮಳೆ) ಅಂತ ತೋರಿಸು, ಇಲ್ಲದಿದ್ದರೆ ‘ಸ್ಪ್ರಿಂಕ್ಲರ್ ಹಾಕಬೇಕು’ ಅಂತ ತೋರಿಸು. ರೋಬಸ್ಟಾ ಕಾಫಿ ಇರುವವರು ಮಾರ್ಚಲ್ಲಿ ದಿನವೂ ಮನಸ್ಸಲ್ಲೇ ಮಾಡುವ ತೀರ್ಮಾನ ಇದು. ಭಾಗಮಂಡಲದ ಡೈರಿ ಆಗಲಿ ಕುಶಾಲನಗರದ್ದಾಗಲಿ, ಪ್ರೋಗ್ರಾಂ ಅದೇ, ಲಿಸ್ಟ್ ಮಾತ್ರ ಬೇರೆ.

ಇವತ್ತು ಬೆಳಿಗ್ಗೆ ನಮ್ಮಲ್ಲಿ 35 ಸೆಂಟ್ ಇತ್ತು. ಅದನ್ನೂ ಲಿಸ್ಟಿಗೆ ಸೇರಿಸಿ ಎಫ್5 ಒತ್ತಿದೆ, 295.