ಹಳೇ ಕಂಪ್ಯೂಟರಿನ ಗಡಿಯಾರ ಸರಿಪಡಿಸುವುದು ಹೇಗೆ?

ಹತ್ತು ವರ್ಷದ ಕಂಪ್ಯೂಟರಿಗೆ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಏರಿಸಿಕೊಳ್ಳುವವರು ಮದರ್‌ಬೋರ್ಡಿನ ಗುಂಡಿ ಸೆಲ್ಲನ್ನು (ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಇದೇ) ಮರೆತೇಬಿಡುತ್ತಾರೆ. ಅದು ಮುಗಿದ ಮೇಲೆ ದಿನಾಂಕ ಹಿಂದೆ ಓಡುತ್ತದೆ, ಬ್ರೌಸರ್ ಬ್ಯಾಂಕಿನ ಪುಟವನ್ನೂ ತೆರೆಯಲು ಒಪ್ಪುವುದಿಲ್ಲ.

ಮೊದಲು, ಎಷ್ಟು ತಪ್ಪಿದೆ ನೋಡಿ. ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸವಿದ್ದರೆ ಸೆಲ್ ಮುಟ್ಟಬೇಡಿ. ಟೈಮ್ ಝೋನ್ ತಪ್ಪಿರಬೇಕು, ಇಲ್ಲವೇ ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇರಬೇಕು. ಬೋರ್ಡಿನ ಗಡಿಯಾರವನ್ನು ವಿಂಡೋಸ್ ಸ್ಥಳೀಯ ಸಮಯವೆಂದೂ ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ) ಎಂದೂ ಓದುತ್ತದೆ. ಲಿನಕ್ಸ್‌ನ ಸೆಟ್ಟಿಂಗನ್ನು ಅದೂ ಸ್ಥಳೀಯ ಸಮಯವೆಂದೇ ಓದುವಂತೆ ಬದಲಿಸಿದರೆ ಸಾಕು.

ವ್ಯತ್ಯಾಸ ಬೇರೆಯಾಗಿದ್ದರೆ ಗೋಡೆಯ ಸ್ವಿಚ್ಚನ್ನೇ ಆರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗಿದ್ದರೆ ಸೆಲ್ ಮುಗಿದಿದೆ. ಸ್ವಿಚ್ ಆನ್ ಇರುವಷ್ಟು ಹೊತ್ತು ಗಡಿಯಾರಕ್ಕೆ ಕರೆಂಟ್ ಸಿಗುವುದರಿಂದ ಸತ್ತ ಸೆಲ್ ಎಷ್ಟೋ ದಿನ ಗೊತ್ತೇ ಆಗುವುದಿಲ್ಲ.

ಎಡವುವುದು ಇಲ್ಲೇ. ಸೆಲ್ ತೆಗೆಯುವ ಮುನ್ನ ಬೋರ್ಡಿನ ಸೆಟ್ಟಿಂಗ್ ಪುಟಗಳಿರುವ ಬಯಾಸ್‌ಗೆ ಹೋಗಿ ಪ್ರತಿ ಪುಟದ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಸಾಟಾ ಮೋಡ್ (ಬೋರ್ಡ್ ಡಿಸ್ಕಿನೊಡನೆ ಮಾತಾಡುವ ರೀತಿ) ಇರುವ ಪುಟವನ್ನಂತೂ ಬಿಡಲೇಬೇಡಿ. ಸೆಲ್ ತೆಗೆದರೆ ಹಳೇ ಬೋರ್ಡುಗಳಲ್ಲಿ ಈ ಮೋಡ್ ಎಎಚ್‌ಸಿಐ ಬಿಟ್ಟು ಹಳೇ ರೀತಿಯಾದ ಐಡಿಇಗೆ ಮರಳಬಹುದು, ಆಗ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಪರಿಚಿತರೊಬ್ಬರು ಅದನ್ನು ಕಂಡು ಎಸ್‌ಎಸ್‌ಡಿ ಕೆಟ್ಟಿತೆಂದು ಫಾರ್ಮ್ಯಾಟ್ ಮಾಡಿಸಿ, ಮಗಳ ಮದುವೆಯ ಫೋಟೊಗಳನ್ನೆಲ್ಲ ಕಳೆದುಕೊಂಡರು. ಬಯಾಸ್‌ನಲ್ಲಿ ಆ ಒಂದು ಸಾಲನ್ನು ಮತ್ತೆ ಮೊದಲಿನಂತೆ ಬದಲಿಸಿದ್ದರೆ ಸಾಕಿತ್ತು.

ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಸೆಲ್ಲಿನ ಅಂಚಿನ ಪುಟ್ಟ ಕ್ಲಿಪ್ಪನ್ನು ಹೊರಕ್ಕೆ ತಳ್ಳಿದರೆ ಸೆಲ್ ತಾನೇ ಮೇಲೇಳುತ್ತದೆ. ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಹೋಲ್ಡರ್ ಮುರಿದರೆ ಬೆಸುಗೆ ಕೆಲಸವೇ ಗತಿ. ಹಳೆಯದು ಕೂತಿದ್ದ ದಿಕ್ಕಿಗೇ ಹೊಸದನ್ನು ಕೂರಿಸಿ.

ಬೇಕಾದದ್ದು ಸಿಆರ್ 2032. ಅಂಗಡಿಯವರು ‘ಇದೂ ಅದೇ’ ಎಂದು 2025 ಕೊಟ್ಟರೆ ಒಪ್ಪಬೇಡಿ: 2032 ದಪ್ಪ 3.2 ಮಿ.ಮೀ., 2025 ಬರೀ 2.5, ಸಡಿಲವಾಗಿ ಸಂಪರ್ಕ ತಪ್ಪುತ್ತದೆ. ಬಿಡಿ ಸೆಲ್ಲಂತೂ ಬೇಡವೇ ಬೇಡ, ಸೀಲ್ ಮಾಡಿದ ಪ್ಯಾಕನ್ನೇ ಕೊಳ್ಳಿ.

ಬಯಾಸ್‌ನಲ್ಲಿ ಫೋಟೊ ನೋಡಿ ಸೆಟ್ಟಿಂಗ್, ದಿನಾಂಕ ಕೂರಿಸಿ, ವಿಂಡೋಸ್‌ನಲ್ಲಿ ಸಮಯ ಸಿಂಕ್ ಮಾಡಿ. ಇಷ್ಟಾದ ಮೇಲೂ ದಿನಕ್ಕೆ ಒಂದೆರಡು ಸೆಕೆಂಡು ತಪ್ಪುವುದು ಸಹಜ.

ತೆಗೆದ ಸೆಲ್ ಮೇಜಿನ ಮೇಲೆ ಉಳಿಯಬಾರದು. ಮುಗಿದ ಸೆಲ್ಲನ್ನು ಮಗು ನುಂಗಿದರೂ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟೀತು. ಎರಡೂ ಮುಖಕ್ಕೆ ಟೇಪ್ ಸುತ್ತಿ ಇ-ತ್ಯಾಜ್ಯಕ್ಕೆ ಕೊಡಿ.