ಬಳ್ಳಾರಿ ಬಿಸಿಲಲ್ಲಿ ದಿನಕ್ಕೆ ಹದಿನಾಲ್ಕು ತಾಸು ಓಡುವ ನನ್ನ ಗೇಮಿಂಗ್ ಲ್ಯಾಪ್‌ಟಾಪ್

ನಾನು ಮದುವೆ ವಿಡಿಯೋ ಎಡಿಟ್ ಮಾಡುತ್ತೇನೆ. ಸೀಸನ್ ಶುರುವಾದರೆ ಬೆಳಗ್ಗೆ ಆನ್ ಮಾಡಿದ ಲ್ಯಾಪ್‌ಟಾಪ್ ಮಧ್ಯರಾತ್ರಿವರೆಗೂ ಆಫ್ ಆಗಲ್ಲ, ನನ್ನ ಕೆಲಸ ಮುಗಿದ ಮೇಲೆ ತಮ್ಮ ಕೂತು ಗೇಮ್ ಆಡುತ್ತಾನೆ.

ಮೊದಲ ಲ್ಯಾಪ್‌ಟಾಪ್ ಎರಡೂವರೆ ವರ್ಷಕ್ಕೇ ಕೈಕೊಟ್ಟಿತು. ಟಚ್‌ಪ್ಯಾಡ್ ಸರಿಯಾಗಿ ಕ್ಲಿಕ್ ಆಗುತ್ತಿರಲಿಲ್ಲ, ನಾನು ಒತ್ತಿ ಒತ್ತಿ ದಿನ ತಳ್ಳಿದೆ. ಕೌಲ್ ಬಜಾರ್‌ನಲ್ಲಿ ರಿಪೇರಿ ಮಾಡುವ ಹುಡುಗ ನೋಡಿದ ಕೂಡಲೇ, "ಬ್ಯಾಟರಿ ಊದೈತಿ ಅಣ್ಣಾ, ಒತ್ತಬ್ಯಾಡ್ರಿ, ಬೆಂಕಿ ಹತ್ತೀತು" ಅಂದ. ಅದನ್ನು ಕೇಳಿ ಎದೆ ಝಲ್ ಎಂದಿತು. ಒಳಗೆ ಫ್ಯಾನ್ ಗಾಳಿ ಹೊರಗೆ ಹೋಗುವ ಜಾಗದಲ್ಲಿ ಕಂಬಳಿ ತುಂಡಿನಂಥ ನೀಲಿ ಪದರ ಕೂತಿತ್ತು. ನಮ್ಮ ಮನೆ ಕೆಳಗೆ ಜೀನ್ಸ್ ಹೊಲಿಯುವ ಯೂನಿಟ್ ಇದೆ. ಆ ಬಟ್ಟೆಯ ನಾರು, ಅದಿರು ಲಾರಿ ಎಬ್ಬಿಸುವ ಕೆಂಪು ಧೂಳು, ಎರಡೂ ಸೇರಿ ಗಾಳಿಯ ದಾರಿಯನ್ನೇ ಮುಚ್ಚಿದ್ದವು.

ಈಗಿನದಕ್ಕೆ ನಾಲ್ಕು ವರ್ಷ. ಇದು ಬಂದ ದಿನವೇ ಚಾರ್ಜಿಂಗನ್ನು ಶೇಕಡಾ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಹಾಕಿದೆ. ಲಿಥಿಯಂ ಬ್ಯಾಟರಿಗೆ ಫುಲ್ ಚಾರ್ಜ್‌ನಲ್ಲೇ ಬಿಸಿಯಾಗಿ ಕೂರುವುದು ತುಂಬಾ ಕೆಟ್ಟದ್ದು, ನಾನು ಹಳೆಯದಕ್ಕೆ ದಿನವಿಡೀ ಮಾಡಿದ್ದು ಅದನ್ನೇ. ಈಗ ಅಡಾಪ್ಟರ್ ಸದಾ ಹಾಕಿಯೇ ಇರುತ್ತೇನೆ, ಬ್ಯಾಟರಿ 80ರಲ್ಲಿ ಸುಮ್ನೆ ಇರುತ್ತದೆ. ತುಂಬಾ ಕಂಪನಿಗಳ ಲ್ಯಾಪ್‌ಟಾಪಿನಲ್ಲಿ ಈ ಆಯ್ಕೆ ಇರುತ್ತದೆ, ಆದರೆ ಹುಡುಕಿ ಹಾಕಬೇಕು.

ಜಾಸ್ತಿ ಲಾಭ ಆಗಿದ್ದು ಇನ್ನೊಂದರಿಂದ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್ ಗರಿಷ್ಠ ಮಿತಿ ಶೇಕಡಾ 100 ಅಂತ ಇರುತ್ತದೆ, ಅದನ್ನು 99 ಮಾಡಿದೆ. ನನ್ನದರಲ್ಲಿ ಅಷ್ಟಕ್ಕೇ ಟರ್ಬೋ ಬೂಸ್ಟ್, ಅಂದರೆ ಪ್ರೊಸೆಸರ್ ಮಾಮೂಲಿ ವೇಗ ಮೀರಿ ಓಡುವುದು, ನಿಲ್ಲುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ, ಅಂದರೆ ಎಡಿಟ್ ಮುಗಿದ ವಿಡಿಯೋವನ್ನು ಒಂದು ಫೈಲ್ ಆಗಿ ತೆಗೆಯುವಾಗ, ಪ್ರೊಸೆಸರ್ ಬಿಸಿ 96 ಡಿಗ್ರಿ ಮುಟ್ಟುತ್ತಿದ್ದದ್ದು 80ರ ಆಸುಪಾಸಿಗೆ ಇಳಿಯಿತು. ಒಂದು ತಾಸಿನ ಎಕ್ಸ್‌ಪೋರ್ಟ್‌ಗೆ ಹತ್ತು ಹನ್ನೆರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ತಮ್ಮನ ಗೇಮ್‌ಗೂ 60 ಎಫ್‌ಪಿಎಸ್ (ಸೆಕೆಂಡಿಗೆ 60 ಚಿತ್ರ) ಮಿತಿ ಹಾಕಿದ್ದೇನೆ. ಮೊದಲು ಮುಖ ಊದಿಸಿದ, ಫ್ಯಾನ್ ಸದ್ದು ಅರ್ಧಕ್ಕೆ ಇಳಿದ ಮೇಲೆ ಅವನೇ ಒಪ್ಪಿಕೊಂಡ.

ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಅದು ಎಳೆದುಕೊಳ್ಳುವುದು ರೂಮಿನ ಗಾಳಿಯನ್ನೇ ಅಲ್ವಾ? ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ ಆ ಗಾಳಿಯೇ 40 ಡಿಗ್ರಿ. ಅದಕ್ಕೇ ಭಾರೀ ಎಕ್ಸ್‌ಪೋರ್ಟ್ ಎಲ್ಲಾ ರಾತ್ರಿ ಊಟ ಆದ ಮೇಲೆ, ಇಲ್ಲವೇ ಬೆಳಗಿನ ಜಾವ. ಹಗಲು ಬರೀ ಕಟಿಂಗ್. ನೀರಿನ ಏರ್ ಕೂಲರ್ ಗಾಳಿಯನ್ನು ಮಾತ್ರ ಲ್ಯಾಪ್‌ಟಾಪಿಗೆ ನೇರವಾಗಿ ಬಿಡಬೇಡಿ, ತೇವಕ್ಕೆ ಧೂಳು ಒಳಗೆ ಅಂಟಿ ಕೂರುತ್ತದೆ. ಹಿಂಭಾಗಕ್ಕೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದ್ದೇನೆ, ಕೂಲಿಂಗ್ ಪ್ಯಾಡ್ ಕೊಂಡಿಲ್ಲ. ಹಾಸಿಗೆ ಮೇಲಂತೂ ಇಡುವುದೇ ಇಲ್ಲ.

ಯುಗಾದಿಗೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಒಮ್ಮೆ ಬಿಚ್ಚಿ ಕ್ಲೀನ್ ಮಾಡುತ್ತೇನೆ. ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಬೇಕು. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಕಡ್ಡಿಯಿಂದ ಹಿಡಿದುಕೊಳ್ಳಿ, ಸುಮ್ನೆ ಗಿರಗಿರ ತಿರುಗಿಸಿದರೆ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್ ಬಿಸಿಯನ್ನು ಹೊರಗೆ ಸಾಗಿಸಲು ಅದರ ಮೇಲೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿತ್ತು, ಮೂರನೇ ವರ್ಷ ಬದಲಾಯಿಸಿದೆ.

ಮೊನ್ನೆ ಎಕ್ಸ್‌ಪೋರ್ಟ್ ನಡುವೆಯೇ ಕರೆಂಟ್ ಹೋಯಿತು. ಇದೇ ನಾಲ್ಕು ವರ್ಷದ ಬ್ಯಾಟರಿ. ಎಕ್ಸ್‌ಪೋರ್ಟ್ ನಿಲ್ಲಿಸಿ ಪ್ರಾಜೆಕ್ಟ್ ಸೇವ್ ಮಾಡಿದೆ, ಕರೆಂಟ್ ಬರುವವರೆಗೆ ಮುಕ್ಕಾಲು ತಾಸು ಹಾಡು ಜೋಡಿಸುತ್ತಾ ಕೂತೆ.