ಮನಾಲಿಗೆ ಹೊರಡುವ ಮುನ್ನ ಹವಾಮಾನ ನೋಡುವುದು ಹೇಗೆ?

ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗೆ ಹಿಮ ತೋರಿಸೋಣ ಅಂತ ನಮ್ಮ ಕಡೆಯಿಂದ ಮನಾಲಿಗೆ ಹೋಗುವವರು ಜಾಸ್ತಿ. ಟಿಕೆಟ್, ಹೋಟೆಲ್, ಸ್ವೆಟರ್ ಎಲ್ಲ ತಿಂಗಳ ಮೊದಲೇ ಸಿದ್ಧವಾಗಿರುತ್ತವೆ. ಹವಾಮಾನವನ್ನು ಮಾತ್ರ ಹೊರಡುವ ದಿನ ಫೋನಿನಲ್ಲಿ ನೋಡುತ್ತೇವೆ. ಬೆಟ್ಟದ ಊರಿಗೆ ಅಷ್ಟು ಸಾಲದು.

ಮೊದಲು, ಹಿಮ ಎಲ್ಲಿಂದ ಬರುತ್ತದೆ ಎಂದು ತಿಳಿಯಿರಿ. ನಮ್ಮ ಮುಂಗಾರು ಅರಬ್ಬಿ ಸಮುದ್ರದಿಂದ ಬರುತ್ತದೆ ಅಲ್ವಾ? ಹಿಮಾಚಲದ ಚಳಿಗಾಲದ ಮಳೆ, ಹಿಮ ಬರುವುದು ಮೆಡಿಟರೇನಿಯನ್ ಕಡೆಯಿಂದ ಇರಾನ್, ಅಫ್ಗಾನಿಸ್ತಾನ ದಾಟಿ ಬರುವ ಗಾಳಿಯ ಅಲೆಗಳಿಂದ. ಇವಕ್ಕೆ ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಹೆಸರು. ಮುನ್ಸೂಚನೆಯಲ್ಲಿ ಈ ಹೆಸರು ಕಂಡರೆ, ಅದು ಯಾವ ದಿನ ತಲುಪುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಎರಡು ವಾರ ಮೊದಲು ಭಾರತೀಯ ಹವಾಮಾನ ಇಲಾಖೆ ಪ್ರತಿ ಗುರುವಾರ ಕೊಡುವ ದೀರ್ಘ ಮುನ್ಸೂಚನೆ ಓದಿ. ಅದು ಅಂದಾಜಿಗೆ ಮಾತ್ರ. ಕೊನೆಯ ಮೂರು ದಿನ ಶಿಮ್ಲಾ ಹವಾಮಾನ ಕೇಂದ್ರ ಕೊಡುವ ಬಣ್ಣದ ಎಚ್ಚರಿಕೆ ಮುಖ್ಯ. ಹಳದಿ ಇದ್ದರೆ ಗಮನವಿಡಿ. ಕಿತ್ತಳೆ ಇದ್ದರೆ ಮೇಲೆ ಹೋಗುವ ಯೋಜನೆ ಮುಂದೂಡಿ. ಕೆಂಪು ಇದ್ದರೆ ಹೋಟೆಲ್ ಬಿಡಬೇಡಿ.

ಇನ್ನು ಎಲ್ಲರೂ ತಪ್ಪುವ ಹಂತ. ಫೋನು ತೋರಿಸುವುದು ಮನಾಲಿ ಊರಿನ ತಾಪಮಾನ. ಊರು ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಹಿಮ ನೋಡಲು ನೀವು ಹೋಗುವುದು ಬೆಟ್ಟ ಕೊರೆದು ಮಾಡಿದ ಅಟಲ್ ಸುರಂಗ ದಾಟಿ ಸಿಸ್ಸು ಎಂಬ ಹಳ್ಳಿಗೆ, ಅಂದರೆ ಸುಮಾರು 3,100 ಮೀಟರಿಗೆ. ಪ್ರತಿ 1,000 ಮೀಟರಿಗೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಊರಲ್ಲಿ 5 ಡಿಗ್ರಿ ಇದ್ದರೆ ಅಲ್ಲಿ ಸೊನ್ನೆಗಿಂತ ಕೆಳಗೆ. ಊರಿಗೆ ಬರೀ ಮಳೆ ಎಂದಿದ್ದರೂ ಸುರಂಗದ ಬಾಯಲ್ಲಿ ಹಿಮ ಬೀಳುತ್ತಿರುತ್ತದೆ. 10 ಮಿಲಿಮೀಟರ್ ಮಳೆಯಾಗುವಷ್ಟು ನೀರು ಹಿಮವಾದರೆ ಸುಮಾರು 10 ಸೆಂಟಿಮೀಟರ್ ಆಳ. ಟೈರಿಗೆ ಚೈನ್ ಸುತ್ತದ ಟ್ಯಾಕ್ಸಿ ಜಾರಲು ಅಷ್ಟು ಸಾಕು.

ಹಿಮ ನಿಂತ ಮರುದಿನ ಆಕಾಶ ತಿಳಿಯಾಗುತ್ತದೆ, ಹೊರಡುವ ಆಸೆಯೂ ಆಗುತ್ತದೆ. ನನಗೆ ಹೆಚ್ಚು ಹೆದರಿಕೆ ಈ ದಿನದ್ದೇ. ಮೋಡವಿಲ್ಲದ ರಾತ್ರಿ ಕರಗಿದ ನೀರು ಮತ್ತೆ ಹೆಪ್ಪುಗಟ್ಟಿ, ಟಾರಿನ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಪದರವಾಗುತ್ತದೆ. ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಹೊರಡಿ, ಸಂಜೆಗೆ ಮೊದಲೇ ಇಳಿಯಿರಿ. 2024ರ ಡಿಸೆಂಬರ್ ಕೊನೆಯ ವಾರ ಮನಾಲಿ ಹತ್ತಿರದ ಸೋಲಂಗ್ ಕಣಿವೆ ಮತ್ತು ಸುರಂಗದ ನಡುವೆ ನೂರಾರು ವಾಹನಗಳು ಸಿಕ್ಕಿಕೊಂಡಿದ್ದವು. ವಾಪಸ್ ವಿಮಾನಕ್ಕೆ ಮೊದಲು ಒಂದು ದಿನ ಖಾಲಿ ಬಿಡಿ.

ದಾರಿಯಲ್ಲಿ ಸಿಕ್ಕಿಕೊಂಡರೆ ಹೀಟರಿಗಾಗಿ ಎಂಜಿನ್ ಸುಮ್ನೆ ಓಡಿಸುತ್ತಾ ಕೂರಬೇಡಿ. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿಯಲ್ಲಿ ಹಿಮದಲ್ಲಿ ನಿಂತ ಕಾರುಗಳಲ್ಲೇ 20ಕ್ಕೂ ಹೆಚ್ಚು ಜನ ಸತ್ತರು, ಹಲವರು ಹೊಗೆಯ ವಿಷಾನಿಲದಿಂದ. ಮೊದಲು ಇಳಿದು ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ. ಎಂಜಿನ್ ಆಗಾಗ ಸ್ವಲ್ಪ ಹೊತ್ತು ಮಾತ್ರ ಹಾಕಿ, ಒಂದು ಕಿಟಕಿ ಬೆರಳಷ್ಟು ತೆರೆದಿಡಿ. ಆಮೇಲೆ 112ಕ್ಕೆ ಕರೆ ಮಾಡಿ.